ನನ್ನ ಬೆರಳಿಗೆ ತಿಳಿಯದ ಒರಟು

ಹಿರಿಯೂರಿನ ಹೆದ್ದಾರಿ ಪಕ್ಕದ ಶೆಡ್ಡಿನಲ್ಲಿ ಹನ್ನೆರಡು ವರ್ಷ ಲಾರಿಗಳಿಗೆ ಪುಟ್ಟಿ ಹಚ್ಚಿ, ಉಜ್ಜಿ, ಬಣ್ಣ ಹೊಡೆದವನು ನಾನು. ಅಲ್ಲಿ ಕಲಿತದ್ದು ಒಂದೇ ವಿದ್ಯೆ: ಕಣ್ಣನ್ನು ನಂಬಬೇಡ, ಬೆರಳನ್ನು ನಂಬು. ಕಣ್ಣಿಗೆ ನುಣ್ಣಗೆ ಕಂಡ ಬಾಗಿಲಿನ ಮೇಲೂ ತೋರುಬೆರಳು ಸವರಿದರೆ ಉಬ್ಬುತಗ್ಗು ಸಿಕ್ಕೇ ಸಿಗುತ್ತದೆ. ಈ ಬೆರಳಿನ ದೆಸೆಯಿಂದಲೇ ಹೊಸದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ರೆಕ್ಕೆ ರಿಪೇರಿ ಮಾಡುವ ತಂಡದಲ್ಲಿ ನನಗೆ ಕೆಲಸ ಸಿಕ್ಕಿತು. ನಮ್ಮ ಕಡೆ ಅವನ್ನು ಫ್ಯಾನು ಎನ್ನುತ್ತಾರೆ, ಊರಿಗೆಲ್ಲ ಸೆಖೆಯಾಗದಿರಲಿ ಎಂದು ಸರ್ಕಾರ ಹಾಕಿಸಿದೆಯೇನೋ ಎಂಬಂತೆ.

ಅಷ್ಟು ದೊಡ್ಡ ರೆಕ್ಕೆಯ ಮೇಲೆ ಒಂದಿಷ್ಟು ತರಿ ಇದ್ದರೆ ಏನು ಮಹಾ ಎಂದು ಮೊದಮೊದಲು ನಾನೂ ಅಂದುಕೊಂಡಿದ್ದೆ. ಲಾರಿಯ ಮೈ ಒರಟಾದರೆ ಮಾಲೀಕನ ಮುಖ ಸಪ್ಪಗಾಗುತ್ತದೆ, ಲಾರಿಯೇನೋ ಓಡುತ್ತದೆ. ರೆಕ್ಕೆ ಹಾಗಲ್ಲ. ಗಾಳಿ ಅದರ ಮುಂದಂಚಿಗೆ ಬಡಿದು ಎರಡಾಗಿ, ಮೈಗೆ ಅಂಟಿಕೊಂಡೇ ಹಿಂದಂಚಿನವರೆಗೆ ಜಾರಬೇಕು. ಮುಂದಂಚಿನಲ್ಲಿ ತರಿ ಇದ್ದರೆ ಗಾಳಿ ಅಲ್ಲೇ ಎಡವುತ್ತದೆ, ಸುಳಿ ಏಳುತ್ತದೆ, ಅರ್ಧ ದಾರಿಯಲ್ಲೇ ಮೈ ಬಿಟ್ಟು ಹೋಗುತ್ತದೆ. ಆಗ ರೆಕ್ಕೆಯನ್ನು ಎತ್ತಿ ತಿರುಗಿಸುವ ಬಲ ತಗ್ಗಿ, ಹಿಡಿದೆಳೆಯುವ ಬಲ ಹೆಚ್ಚುತ್ತದೆ. ತುದಿ ಎಲ್ಲಕ್ಕಿಂತ ಜೋರಾಗಿ ಸುತ್ತುವುದರಿಂದ ಅಲ್ಲಿನ ಒರಟೇ ಹೆಚ್ಚು ಕಾಡುತ್ತದೆ.

ಹೋದ ವರ್ಷ ಹೊಳಲ್ಕೆರೆಗೆ ಮದುವೆಗೆಂದು ಹೋಗಿದ್ದಾಗ ಲಗೇಜ್ ಆಟೋದ ಹಿಂಬಾಗಿಲಿಗೆ ಬಲಗೈ ತೋರುಬೆರಳು ಸಿಕ್ಕಿ ಜಜ್ಜಿಹೋಯಿತು. ಗಾಯ ಮಾಯಿತು, ಸ್ಪರ್ಶ ಮರಳಲಿಲ್ಲ. ಚಿತ್ರದುರ್ಗದ ಡಾಕ್ಟರು, "ಬಂದ್ರೆ ಬರಬಹುದು, ಕಾಯ್ರಿ" ಎಂದರು. ಕಾದೆ. ಬೆರಳಿನ ಮೇಲೆ ಅನ್ನ ತಿನ್ನುವವನು ಬೆರಳು ಸತ್ತಿದೆ ಎಂದು ಯಾರ ಹತ್ತಿರ ಹೇಳಿಕೊಳ್ಳಲಿ? ತಂಡದವರಿಗೂ ಹೇಳಲಿಲ್ಲ, ಮನೆಯಲ್ಲೂ ಹೇಳಲಿಲ್ಲ. ಮೊದಲಿನಂತೆಯೇ ಗತ್ತಿನಿಂದ ಬೆರಳು ಸವರುತ್ತಿದ್ದೆ, ಕಣ್ಣಿನ ಅಂದಾಜಿನಲ್ಲಿ "ಸರಿ ಐತೆ" ಎನ್ನುತ್ತಿದ್ದೆ.

ಹೀಗಿರುವಾಗ ಶ್ರೀರಾಂಪುರದ ಕಡೆಯ ಗುಡ್ಡದಲ್ಲಿ ಸಿಡಿಲು ಬಡಿದು ಒಂದು ರೆಕ್ಕೆಯ ತುದಿ ಸೀಳಿತು. ಕ್ರೇನ್ ತರಿಸಿ ರೆಕ್ಕೆಯನ್ನು ಕೆಳಗಿಳಿಸಿ, ವಾರವಿಡೀ ತೇಪೆ ಹಾಕಿ, ಶುಕ್ರವಾರ ಬೆಳಗ್ಗೆ ಕೊನೆಯ ಬಣ್ಣ ಹೊಡೆದೆ. ಎತ್ತುವುದು ಶನಿವಾರ ನಸುಕಿಗೆ, ಗಾಳಿ ಏಳುವ ಮೊದಲು. ಆದರೆ ಪೂಜೆ ಶುಕ್ರವಾರವೇ ಆಗಬೇಕು, ಅದೂ ಹತ್ತೂವರೆಯ ರಾಹುಕಾಲಕ್ಕೆ ಮುಂಚೆ ಎಂದು ಎಲ್ಲರೂ ಹಟ ಹಿಡಿದರು. ಕಾಯಿ ಒಡೆದು, ಕುಂಕುಮ ಇಟ್ಟು, ನಾವೆಲ್ಲ ಸಾಲಾಗಿ ನಿಂತು ಅಕ್ಷತೆ ಹಾಕಿದೆವು. ಮರುದಿನ ನಸುಕಿನಲ್ಲಿ ಹೂವು, ಅಕ್ಕಿ ಎಲ್ಲ ಗುಡಿಸಿ ತೆಗೆದರು. ಅಂಚಿನ ಮೇಲೆ ಹಳದಿ ಚುಕ್ಕೆಗಳು ಉಳಿದಿದ್ದವು. ಅರಿಶಿನದ ಕಲೆ, ಮಳೆಗೆ ಹೋಗುತ್ತದೆ ಎಂದುಕೊಂಡೆ. ಬೆರಳು ಸವರಿದೆ. "ಸರಿ ಐತೆ" ಎಂದೆ.

ಆ ಫ್ಯಾನು ಪಕ್ಕದ ಫ್ಯಾನಿನಷ್ಟು ಕರೆಂಟು ಕೊಡಲೇ ಇಲ್ಲ. ಒಂದೇ ಗುಡ್ಡ, ಒಂದೇ ಗಾಳಿ, ಆದರೂ ದಿನಾ ಹಿಂದೆ. ಫ್ಯಾನು ನಿಂತಾಗ ಕೆಳಗಿನಿಂದ ದುರ್ಬೀನಿನಲ್ಲಿ ನೋಡಿದರೆ, ಎರಡು ಮಳೆ ಹೊಯ್ದರೂ ಚುಕ್ಕೆಗಳು ಹೋಗಿರಲಿಲ್ಲ. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವರಾದ ಸೂಪರ್‌ವೈಸರ್ ನನ್ನನ್ನು ಕರೆದು, "ನಿಮ್ಮ ತೇಪೆ ಗುಳ್ಳೆ ಎದ್ದಿರಬೇಕು. ಹಂಗಿದ್ರೆ ರೆಕ್ಕೆ ಮತ್ತೆ ಕೆಳಗೆ ಇಳಿಸ್ಬೇಕು, ಆಮೇಲೆ ನಿಮ್ಮನ್ನ ಉಳಿಸ್ಕಳ್ಳಾದು ನನ್ನ ಕೈಲಿಲ್ಲ. ಹಗ್ಗ ಕಟ್ಕಂಡು ಹೋಗಿ ನೋಡ್ಕಂಡು ಬರ್ರಿ" ಎಂದರು.

ಕಂಬದ ಬುಡದಲ್ಲಿ ಸೊಂಟಕ್ಕೆ ಪಟ್ಟಿ ಬಿಗಿಯುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿದೆ. ಎತ್ತರದ ಭಯ ನನಗಿಲ್ಲ. ಮೇಲೆ ಹೋಗಿ ಮತ್ತೊಂದು ಸುಳ್ಳು ಹೇಳಬೇಕಲ್ಲ ಎಂಬ ಭಯ.

"ಸಾರ್, ನನ್ನ ಬೆರಳಿಗೆ ಏನೂ ಗೊತ್ತಾಗಲ್ಲ. ಹೋದ ವರ್ಷದಿಂದ ಹಿಂಗೇ ಐತೆ. ಬೇರೆಯವರನ್ನ ಕಳಿಸ್ರಿ" ಎಂದುಬಿಟ್ಟೆ.

ಅವರು ನನ್ನ ಮುಖ ನೋಡಿದರು, ಬೆರಳು ನೋಡಿದರು. ಬಯ್ಯುತ್ತಾರೆ ಎಂದು ತಲೆ ತಗ್ಗಿಸಿದೆ.

"ಎಡಗೈ ಐತಲ್ರಿ?" ಎಂದರು.

ನನಗೆ ನಾಚಿಕೆಯಾಯಿತು. ಇಷ್ಟು ತಿಂಗಳು ಅದು ಹೊಳೆದೇ ಇರಲಿಲ್ಲ! ಶೆಡ್ಡಿನಲ್ಲಿ ನಮ್ಮ ಮೇಸ್ತ್ರಿ, ಎಡಗೈಯಲ್ಲಿ ಮಾಲು ಮುಟ್ಟಿದರೆ ಮುಂಗೈ ಮೇಲೆ ಬಾರಿಸುತ್ತಿದ್ದರು. ಆ ಏಟು ಇನ್ನೂ ನನ್ನನ್ನು ಆಳುತ್ತಿತ್ತು.

ಮೇಲೆ ತುದಿಯ ಹತ್ತಿರ ಜೋತುಬಿದ್ದು, ಕಣ್ಣು ಮುಚ್ಚಿ ಎಡಗೈ ಸವರಿದೆ. ತೇಪೆ ಗಟ್ಟಿಯಾಗಿತ್ತು, ಗುಳ್ಳೆ ಇರಲಿಲ್ಲ. ಆದರೆ ಮುಂದಂಚಿನುದ್ದಕ್ಕೂ ಸಣ್ಣ ಸಣ್ಣ ಉದ್ದನೆಯ ಉಬ್ಬು. ಒಂದನ್ನು ಉಗುರಿನಿಂದ ಮೀಟಿ ನೋಡಿದೆ. ವಾಕಿಟಾಕಿಯಲ್ಲಿ ಕೆಳಗಿದ್ದವರಿಗೆ ಹೇಳಿದೆ.

"ಸಾರ್, ಅಕ್ಕಿ."

"ಏನು?"

"ಅಕ್ಕಿ ಸಾರ್. ಅವತ್ತಿನ ಅಕ್ಷತೆ. ಹಸಿ ಬಣ್ಣದಾಗೆ ಕುಂತು ಒಣಗೈತೆ."

ಸೂಪರ್‌ವೈಸರ್, "ಎಲ್ರೂ ಒಂದೊಂದು ಹಿಡಿ ಹಾಕಿದ್ರಿ, ನಾನು ಎರಡು ಹಿಡಿ ಹಾಕಿದ್ದೆ ಕಣ್ರಿ" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಹಗ್ಗದಲ್ಲಿ ತೂಗಾಡುತ್ತ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಎದೆಯ ಮೇಲಿನ ಬೀಸುಕಲ್ಲು ಇಳಿದಂತಾಯಿತು.

ಕ್ರೇನ್ ಬೇಕಾಗಲಿಲ್ಲ. ಹಗ್ಗದಲ್ಲೇ ಕೂತು ಎರಡು ದಿನ ಉಜ್ಜಿದೆ, ತೆಳ್ಳಗೆ ಬಣ್ಣ ಎಳೆದೆ, ಪೂರ್ತಿ ಒಣಗಿದ ಮೇಲೆ ಎಡಗೈಯಿಂದ ಮೂರು ಸಲ ಸವರಿದೆ. ಫ್ಯಾನು ಪಕ್ಕದ ಫ್ಯಾನಿಗೆ ಸಮ ಬಂತು. ಸೂಪರ್‌ವೈಸರ್ ಫೋನ್ ಮಾಡಿ, "ಸೋಮವಾರ ಇನ್ನೊಂದು ರೆಕ್ಕೆ ಐತೆ, ಬೇಗ ಬರ್ರಿ" ಎಂದಷ್ಟೇ ಹೇಳಿದರು. ಉಳಿದದ್ದನ್ನು ನಾನೇ ಅರ್ಥ ಮಾಡಿಕೊಂಡೆ.

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿಗೂ ಹೇಳಿಬಿಡೋಣ ಎನ್ನಿಸಿತು. ಹೇಗೆ ಶುರು ಮಾಡುವುದೋ ತಿಳಿಯದೆ, "ಈ ಬೆರಳು..." ಎಂದೆ.

ಅವಳು ಸಾರು ಬಡಿಸುತ್ತಲೇ, "ಗೊತ್ತೈತೆ ಬಿಡ್ರಿ. ಸುಡೋ ಮುದ್ದೆ ಮುರಿಯಾಗ ಎಲ್ಲಾ ಬೆರಳು ಹಿಂದಕ್ಕೆ ಎಳ್ಕಂತೀರ, ಅದೊಂದನ್ನ ಅಲ್ಲೇ ಬಿಡ್ತೀರ. ಅದಕ್ಕೇ ಹೋದ ವರ್ಷದಿಂದ ನಿಮ್ಮ ಮುದ್ದೆ ಆರ್ಸಿ ಇಡ್ತಿದೀನಿ" ಎಂದಳು.