ಐದನೇ ಭಾಗದಲ್ಲಿ ಬಂದ ರಾಕ್ಷಸ

ಮೊನ್ನೆ ಬ್ಯಾಂಕಿನ ಕೆಲಸಕ್ಕೆ ಆಧಾರ್ ಕಾರ್ಡಿನ ಜೆರಾಕ್ಸ್ ಬೇಕಾಯ್ತು. ಅಂಗಡಿಯವನು ಮಿಷಿನ್ನಿಂದ ಆಗ ತಾನೇ ಈಚೆ ಬಂದ ಹಾಳೆಯನ್ನು ಕೈಗೆ ಕೊಟ್ಟ. ಬೆಚ್ಚಗಿತ್ತು. ಇಸ್ತ್ರಿ ಮಾಡಿದ ಬಟ್ಟೆಗೆ ಶಾಯಿ ಚೆಲ್ಲಿದರೆ ಹೇಗಿರುತ್ತೋ ಹಾಗೊಂದು ವಾಸನೆ. ಮೇಲಿನ ರೂಮಿನ ಹುಡುಗಿ ನೆನಪಾದಳು. ಅವಳ ರೂಮಿನ ತುಂಬ ಇದೇ ವಾಸನೆ ಇರುತ್ತಿತ್ತು...

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷ ಆಗಿರಬೇಕು. ಯಜಮಾನರು ಹೋದ ಮೇಲೆ ಬೆಂಗಳೂರು ಯಡಿಯೂರಿನ ನಮ್ಮ ಮನೆಯ ಮೇಲಿನ ರೂಮನ್ನು ಬಾಡಿಗೆಗೆ ಕೊಟ್ಟಿದ್ದೆ. ಹುಡುಗಿ ಬಾಗಲಕೋಟೆ ಕಡೆಯವಳು. ಬಿಟಿಎಂನಲ್ಲಿ ಆಫೀಸು. ಅವಳಪ್ಪ ಬಂದು ರೂಮು ನೋಡಿದರು, ನಲ್ಲಿ ತಿರುಗಿಸಿ ನೋಡಿದರು, ನನ್ನನ್ನೂ ಮೇಲಿಂದ ಕೆಳಗೆ ನೋಡಿ, "ನಿಮ್ಮ ಮಗಳ ಹಂಗ ನೋಡ್ಕೋರಿ" ಅಂದು ಹೋದರು. ನನಗೆ ಹೆಣ್ಣು ಮಕ್ಕಳಿಲ್ಲ, ಹೇಗೆ ನೋಡಿಕೊಳ್ಳಬೇಕು ಅಂತ ಗೊತ್ತಿರಲಿಲ್ಲ. ಹೂಂ ಅಂದೆ.

ಸಂಜೆ ಕೆಲಸದಿಂದ ಬಂದವಳು ನನ್ನ ಅಡುಗೆಮನೆ ಬಾಗಿಲಲ್ಲಿ ಕೂತುಬಿಡೋಳು. ನಾನು ಅವರೆಕಾಳು ಹಿತುಕುತ್ತಿದ್ದರೆ ಅವಳೂ ಹಿತುಕೋಳು. ಒಂದು ಕಿವಿಯಲ್ಲಿ ಹಾಡಿನ ವೈರು, ಇನ್ನೊಂದು ಕಿವಿ ನನಗೆ. ಒಂದು ದಿನ ಆ ವೈರನ್ನು ನನ್ನ ಕಿವಿಗೂ ಇಟ್ಟಳು. ಯಾರೋ ಇಂಗ್ಲಿಷಿನವನು ಮೂಗಿನಲ್ಲಿ ಗೊಣಗುತ್ತಿದ್ದ, ಹಿಂದೆ ಗಿಟಾರು. ನಡುವೆ ಕುರ್ಚಿ ಕಿರ್ ಅಂತು.

"ಕುರ್ಚಿ ಕೇಳಿಸ್ತೇನ್ರಿ ಆಂಟಿ? ಈ ಹಾಡಿನಾಗ ಅದ ಛಲೋ ಇರೂದು."

"ಎಣ್ಣೆ ಬಿಟ್ಟಿದ್ರೆ ಸರಿಹೋಗ್ತಿತ್ತು" ಅಂದೆ.

ಅವಳು ಕೇಳುತ್ತಿದ್ದದ್ದೆಲ್ಲ ಸಣ್ಣ ಸಣ್ಣ ಬ್ಯಾಂಡುಗಳಂತೆ. ಮನೆಯ ಶೆಡ್ಡಿನಲ್ಲಿ ಕೂತು ಹಾಡುವವರು, ಯಾರಿಗೂ ಗೊತ್ತಿಲ್ಲದವರು. ಅವರು ಸ್ವಲ್ಪ ಹೆಸರು ಮಾಡಿದರೋ, ಇವಳು ಕೇಳುವುದನ್ನು ಬಿಟ್ಟುಬಿಡುತ್ತಿದ್ದಳು. ನನಗೆ ಈ ಲೆಕ್ಕ ಹತ್ತಲೇ ಇಲ್ಲ. "ಹೋಟ್ಲು ಚೆನ್ನಾಗಿ ನಡೀತಿದೆ ಅಂತ ಯಾರಾದ್ರೂ ದೋಸೆ ಬಿಡ್ತಾರೇನೆ?" ಅಂದೆ. "ನಡದ ಮ್ಯಾಲೆ ಚಟ್ನಿ ನೀರಾಗ್ತದ್ರಿ" ಅಂದಳು. ಜಯನಗರದಲ್ಲಿ ಹಾಗೆ ಚಟ್ನಿ ನೀರಾದ ಹೋಟೆಲು ನನಗೂ ಗೊತ್ತಿತ್ತು. ಮೊದಲನೇ ಸೀಡಿ ಯಾರು ಬೇಕಾದರೂ ಚೆನ್ನಾಗಿ ಮಾಡುತ್ತಾರೆ, ಎರಡನೇದೇ ಪರೀಕ್ಷೆ ಅನ್ನೋಳು. ಡ್ರಮ್ಮು ಬಾರಿಸುವವನನ್ನು ಬದಲಾಯಿಸಿದರೆ ಆ ಬ್ಯಾಂಡಿನ ಕಥೆ ಮುಗಿಯಿತು ಅನ್ನೋಳು. ಹೀಗೆ ಅನುಮಾನವೇ ಇಲ್ಲದೆ ಮಾತಾಡುವವಳು ತರಕಾರಿ ಗಾಡಿ ಮುಂದೆ ನಿಂತರೆ ಬದನೆಕಾಯಿಯೋ ಬೆಂಡೆಕಾಯಿಯೋ ಅಂತ ನನ್ನ ಮುಖ ನೋಡೋಳು.

ಇನ್ನು ಆ ಪುಸ್ತಕಗಳು. ಜಪಾನಿನವರ ಚಿತ್ರಕಥೆ. ಯಾರ ಹತ್ತಿರವೋ ಎರವಲು ತಂದು ಜೆರಾಕ್ಸ್ ಮಾಡಿಸಿಕೊಳ್ಳುತ್ತಿದ್ದಳು. ಅವು ಹಿಂದಿನಿಂದ ಮುಂದಕ್ಕೆ ಓದುವ ಪುಸ್ತಕ. ಒಮ್ಮೆ ನಾನೂ ಜೊತೆಗೆ ಹೋಗಿದ್ದಾಗ ಫೋರ್ತ್ ಬ್ಲಾಕಿನ ಜೆರಾಕ್ಸ್ ಅಂಗಡಿಯವನು ನಮ್ಮ ಪುಸ್ತಕದ ಹಾಗೆ ಎಡಗಡೆಗೆ ಬೈಂಡ್ ಮಾಡಿಟ್ಟಿದ್ದ. "ಅಣ್ಣಾ, ಉಲ್ಟಾ ಆಗೇತಿ" ಅಂದಳು. ಅವನು, "ಮೇಡಂ, ದಿನಾ ಕಾಲೇಜಿನವರ ಪ್ರಾಜೆಕ್ಟ್ ಬೈಂಡ್ ಮಾಡ್ತೀನಿ, ಉಲ್ಟಾ ಯಾವುದು ಸೀದಾ ಯಾವುದು ನಂಗೊತ್ತಿಲ್ವಾ" ಅಂದ. ಇಬ್ಬರೂ ನನ್ನ ಕಡೆ ತಿರುಗಿದರು, ನಾನೇನೋ ಜಡ್ಜ್ ಅನ್ನೋ ಹಾಗೆ. "ಓದೋಳು ಅವಳು, ಅವಳು ಹೇಳಿದ ಕಡೆ ಹಾಕಪ್ಪ" ಅಂದೆ.

ನಾನು ಓದಿದ್ದು ಮೂರನೇ ಕ್ಲಾಸು. ಇಂಗ್ಲಿಷ್ ಅಕ್ಷರ ಬರುವುದಿಲ್ಲ. ಆದರೆ ಚಿತ್ರಕ್ಕೆ ಅಕ್ಷರ ಯಾಕೆ? ಅವಳು ಆಫೀಸಿಗೆ ಹೋದಾಗ ಒಂದು ಕಥೆಯನ್ನು ನಾನೇ ನೋಡಿ ಮುಗಿಸಿದೆ. ಒಂದು ದ್ವೀಪ, ಅಲ್ಲೊಬ್ಬಳು ಅಂಚೆ ಹಂಚುವ ಹುಡುಗಿ. ನಾಲ್ಕು ಭಾಗ ಸುಮ್ಮನೆ ಸೈಕಲ್ ತುಳಿಯುತ್ತಾಳೆ. ಮನೆ ಮುಂದೆ ನಿಲ್ಲಿಸುತ್ತಾಳೆ, ಬೆಲ್ಲು ಹೊಡೆಯುತ್ತಾಳೆ, ಸಮುದ್ರ ನೋಡುತ್ತಾಳೆ, ಮತ್ತೆ ತುಳಿಯುತ್ತಾಳೆ. ಐದನೇ ಭಾಗದಲ್ಲಿ ಸಮುದ್ರದಿಂದ ಒಬ್ಬ ರಾಕ್ಷಸ ಎದ್ದು ಬಂದು ಸೈಕಲನ್ನು ಮುರಿದು ಹಾಕುತ್ತಾನೆ. ಅಲ್ಲಿಗೆ ಬಂದಾಗಲೇ ನನಗೆ ಕಥೆ ಅಂತ ಅನ್ನಿಸಿದ್ದು. ಅವಳಿಗೆ ಅದನ್ನು ಹೇಳಿದ್ದಕ್ಕೆ ಎರಡು ದಿನ ಜಗಳ.

"ಐದನೇದು ಕಸ ರೀ ಆಂಟಿ. ಮಾರಾಟ ಆಗ್ಲಿ ಅಂತ ರಾಕ್ಷಸನ್ನ ತಂದಾನ. ಸೈಕಲ್ ತುಳಿಯೂದ ಆ ಕಥಿ."

"ಸೈಕಲ್ ತುಳಿಯೋದನ್ನ ನಮ್ಮ ಬೀದೀಲೇ ನೋಡ್ತೀನಲ್ಲ ಕಣೆ."

ಹೀಗಿರುವಾಗ ಊರಿಂದ ಗಂಡುಗಳ ವಿಷಯ ಶುರುವಾಯಿತು. ಒಂದೆರಡನ್ನು ಬೇಡ ಅಂದಳು. ಮೂರನೇದಕ್ಕೆ ಅವಳಪ್ಪ ಫೋನಿನಲ್ಲೇ ಹೇಳಿಬಿಟ್ಟರು, ಇದನ್ನೂ ಬೇಡ ಅಂದರೆ ಕೆಲಸ ಬಿಟ್ಟು, ರೂಮು ಖಾಲಿ ಮಾಡಿ ಊರಿಗೆ ಬರಬೇಕು, ಆಮೇಲೆ ಅವರು ತೋರಿಸಿದವನೇ ಗಂಡ. ಅವಳಿಗೆ ಊರಿಗೆ ಹೋಗುವ ಮನಸ್ಸು ಖಂಡಿತ ಇರಲಿಲ್ಲ. ಈ ಹುಡುಗ ಹುಬ್ಬಳ್ಳಿ ಕಡೆಯವನು, ಇಲ್ಲೇ ಜೆಪಿ ನಗರದಲ್ಲಿದ್ದ. ಅವನನ್ನು ಒಪ್ಪಿದರೆ ಇಲ್ಲೇ ಉಳಿಯಬಹುದು. ಅದಕ್ಕೇ ಅವಳೂ ಒಂದಿಷ್ಟು ಆಸೆ ಇಟ್ಟುಕೊಂಡಿದ್ದಳು ಅಂತ ಕಾಣುತ್ತದೆ.

ಹೆಣ್ಣು ನೋಡುವುದು ನಮ್ಮ ಮನೆಯ ಹಾಲ್‌ನಲ್ಲೇ ಅಂತ ಆಯಿತು. ಅವಳಪ್ಪ ಅಮ್ಮ ಬಸ್ಸಿನಲ್ಲಿ ಬಂದರು. ಹುಡುಗ ತಾಯಿಯ ಜೊತೆ ಬಂದ. ನೋಡೋಕೆ ಸಾಧು. ನಾನು ಉಪ್ಪಿಟ್ಟು, ಕೇಸರಿಭಾತು ಮಾಡಿದ್ದೆ. ತಿಂದಾದ ಮೇಲೆ ಇಬ್ಬರೇ ಮಾತಾಡಲಿ ಅಂತ ಹಿರಿಯರು ವರಾಂಡಕ್ಕೆ ಹೋದರು. ನಾನು ಕಾಫಿ ನೆಪದಲ್ಲಿ ಅಡುಗೆಮನೆಯಲ್ಲೇ ಉಳಿದೆ. ಕೇಳಿಸುತ್ತಿತ್ತು.

ಹುಡುಗ ತಾನಾಗೇ, "ನೀವು ಜಪಾನಿ ಕಾಮಿಕ್ಸ್ ಓದ್ತೀರಂತಲ್ರಿ, ನಾನೂ ಓದ್ತೀನ್ರಿ" ಅಂದ. ಹುಡುಗಿಯ ದನಿ ಒಂದೇ ಸಲ ಮೇಲೇರಿತು. ಅಂಚೆ ಹುಡುಗಿ ಕಥೆ ಓದಿದ್ದೀರಾ ಅಂತ ಕೇಳಿದಳು. ಪೂರ್ತಿ ಓದಿದ್ದೇನೆ ಅಂದ. ಅವಳು ತಟ್ಟೆ ಕೆಳಗಿಟ್ಟ ಸದ್ದಾಯಿತು.

"ಐದನೇ ಭಾಗದಾಗ ಆಕಿ ಸುಮ್ನ ಸೈಕಲ್ ತುಳಕೋತ ಮನೀಗೆ ಹೋಗ್ತಾಳಲ್ರಿ, ಅದು ಎಷ್ಟು ಛಲೋ ಐತಿ."

"ಹೌದ್ರಿ. ನನಗೂ ಅದ ಭಾಳ ಸೇರಿತು."

ಸೈಕಲ್ಲು ಎಲ್ಲಿತ್ತು ಅಲ್ಲಿ? ರಾಕ್ಷಸ ಅದನ್ನು ಮುರಿದದ್ದನ್ನು ನಾನೇ ಕಣ್ಣಾರೆ ನೋಡಿದ್ದೆ.

ಹುಡುಗನ ಕಡೆಯವರು ಹೋದ ಮೇಲೆ ಹುಡುಗಿ ಬೇಡ ಅಂದಳು. ಅವಳಪ್ಪ ಕೂಗಾಡಲಿಲ್ಲ. "ನೀವರ ಬುದ್ಧಿ ಹೇಳ್ರಿ" ಅಂತ ನನಗೆ ಹೇಳಿ ಬೀದಿಗೆ ಹೋಗಿ ನಿಂತರು. ನಾನು ಮೇಲೆ ಹೋದೆ.

"ಒಂದು ಬೊಂಬೆ ಪುಸ್ತಕಕ್ಕೆ ಗಂಡನ್ನ ಬಿಡ್ತಾರೇನೆ?"

"ಓದಿಲ್ಲ ಅಂದಿದ್ರ ನಾನ ಕೊಡ್ತಿದ್ದೆ. ಓದಲಾರದ್ದನ್ನ ಓದೀನಿ ಅಂದ."

"ನಿನ್ನ ಮನಸ್ಸಿಗೆ ಬರಲಿ ಅಂತ ಅಂದಿದಾನೆ. ನಮ್ಮೆಜಮಾನ್ರು ಒಂದೇ ಒಂದು ದಿನ ನನ್ನ ಮಾತಿಗೆ ಹೂಂ ಅಂದಿದ್ರೆ ನಾನು ಹೋಳಿಗೆ ಮಾಡ್ತಿದ್ದೆ."

"ಅವರು ಒಲ್ಲೆ ಅಂತಿದ್ರಲ್ರಿ. ಅಂದ್ರ ನಿಮ್ಮ ಮಾತು ಅವರ ಕಿವಿಗೆ ಬಿದ್ದಿತ್ತು. ಇವ ಕೇಳಲಾರದ ಹೌದ್ರಿ ಅಂದ."

ನಾನು ಕೆಳಗಿಳಿದು ಬಂದು ಉಳಿದ ಉಪ್ಪಿಟ್ಟನ್ನು ಮುಚ್ಚಿಟ್ಟೆ. ಆ ತಿಂಗಳ ಕೊನೆಗೆ ಅವಳಪ್ಪ ಬಂದು ಕರೆದುಕೊಂಡು ಹೋದರು. ಪುಸ್ತಕಗಳನ್ನೆಲ್ಲ ಒಂದು ಗೋಣಿಚೀಲಕ್ಕೆ ತುಂಬಿದಳು. ಅಳಲಿಲ್ಲ. ಆಟೋದಲ್ಲಿ ಕೂತವಳು, "ಐದನೇದು ಕಸಾನ ಆಂಟಿ, ನೀವು ಏನ ಅನ್ರಿ" ಅಂದಳು.

ಆಮೇಲೆ ಒಂದು ಭಾನುವಾರ ಗೇಟಿನ ಹತ್ತಿರ ಆ ಹುಡುಗ ನಿಂತಿದ್ದ. ಅವಳು ಊರಿಗೆ ಹೋದಳು ಅಂದರೂ ಹೋಗಲಿಲ್ಲ. ಒಳಗೆ ಕರೆದು ಕಾಫಿ ಕೊಟ್ಟೆ.

"ಅವತ್ತು ಸುಳ್ಳು ಹೇಳಿದ್ದೆ ರೀ ಅಮ್ಮಾ. ಆಮ್ಯಾಲೆ ಆಫೀಸಿನ ಕಂಪ್ಯೂಟರ್‌ನಾಗ ಹುಡುಕಿ ಪೂರ್ತಿ ಓದಿದೆ. ಸೈಕಲ್ ಎಲ್ಲೈತ್ರಿ ಅಲ್ಲೆ? ರಾಕ್ಷಸ ಬರಬಾರದಿತ್ರಿ. ಎಲ್ಲಾ ಕೆಟ್ಟು ಹೋತು." ಅಷ್ಟು ಹೇಳಿ, "ಅವರಿಗೆ ಹೇಳ್ತೀರೇನ್ರಿ?" ಅಂದ.

ಅವನು ಹೋದ ಮೇಲೆ ಬಾಗಲಕೋಟೆಗೆ ಫೋನ್ ಮಾಡಿದೆ. ಅವಳಮ್ಮ ಎತ್ತಿದರು. ನಿಶ್ಚಯ ಆಯಿತು, ಗಂಡು ಅಲ್ಲೇ ಹತ್ತಿರದವನು, ಲಗ್ನಕ್ಕೆ ಬರಲೇಬೇಕು ಅಂದರು. ಹುಡುಗಿಗೆ ಫೋನು ಕೊಡಿ ಅಂದೆ. ನನಗೆ ಸುತ್ತಿ ಬಳಸಿ ಮಾತಾಡಿ ಅಭ್ಯಾಸವಿಲ್ಲ. ಆ ಹುಡುಗ ಬಂದಿದ್ದ, ಪುಸ್ತಕ ಓದಿದನಂತೆ, ರಾಕ್ಷಸ ಬರಬಾರದಿತ್ತು ಅಂದ ಅಂತ ಹೇಳಿದೆ.

ಆ ಕಡೆ ಬಾಗಿಲು ಹಾಕಿದ ಸದ್ದಾಯಿತು.

"ನಾಲ್ಕನೇ ಭಾಗದ ಕಡೀ ಪುಟದಾಗ ನೀರಿನ ಮ್ಯಾಲ ಆ ರಾಕ್ಷಸನ ನೆರಳು ಬೀಳ್ತದ್ರಿ. ಅದನ್ನ ನೋಡ್ಯಾನೇನು ಕೇಳ್ರಿ ಆಂಟಿ" ಅಂದಳು. ಆಮೇಲೆ, "ಬ್ಯಾಡ ಬಿಡ್ರಿ" ಅಂದಳು. ನನ್ನ ಮೊಣಕಾಲು ಹೇಗಿದೆ ಅಂತ ಕೇಳಿದಳು. ನಾನು ನೋವಿದೆ ಅಂದೆ.

ಲಗ್ನಕ್ಕೆ ಹೋಗಲಿಲ್ಲ. ಅದೇ ಮೊಣಕಾಲು. ಆ ಹುಡುಗ ಮತ್ತೆ ಬರಲಿಲ್ಲ. ಬಂದಿದ್ದರೂ ನೆರಳಿನ ವಿಷಯ ಕೇಳುತ್ತಿದ್ದೆನೋ ಇಲ್ಲವೋ. ಆಮೇಲೆ ಒಂದೆರಡು ಯುಗಾದಿಗೆ ಫೋನ್ ಮಾಡಿದಳು, ಆಮೇಲೆ ಆ ನಂಬರು ಹೋಗುತ್ತಿರಲಿಲ್ಲ. ಅವಳು ಮಾಡಿದ್ದು ಸರಿಯೋ, ಸೊಕ್ಕೋ, ಆ ಇಬ್ಬರೂ ಮದುವೆಯಾಗಿದ್ದರೆ ಸುಖವಾಗಿರುತ್ತಿದ್ದರೋ, ದಿನಾ ಕಚ್ಚಾಡುತ್ತಿದ್ದರೋ, ಎಷ್ಟು ಸಲ ಯೋಚಿಸಿದರೂ ಒಂದು ಕಡೆ ನಿಲ್ಲುವುದಿಲ್ಲ.

ಜೆರಾಕ್ಸ್ ಹಾಳೆ ಮನೆಗೆ ಬರುವಷ್ಟರಲ್ಲಿ ತಣ್ಣಗಾಗಿತ್ತು. ಆಚೆ ವಾರ ಯಜಮಾನರ ತಿಥಿ. ವಡೆ ಪಾಯಸ ಮಾಡಿ, ಎಲೆ ಹಾಕಿ, ಕಾಗೆಗಿಟ್ಟು, ವರ್ಷಕ್ಕೊಂದು ಸಲ ಅವರನ್ನು ನೆನೆದು ಮುಗಿಸುತ್ತೇನೆ. ಅವಳು ಸತ್ತಿಲ್ಲ, ಎಲ್ಲೋ ಚೆನ್ನಾಗಿಯೇ ಇರಬೇಕು. ನನ್ನ ಪಾಲಿಗೆ ಇಲ್ಲ, ಅಷ್ಟೆ. ಅಂಥವರಿಗೆ ಏನು ಮಾಡಬೇಕು ಅಂತ ನನಗೆ ಯಾರೂ ಹೇಳಿಕೊಟ್ಟಿಲ್ಲ.