ಕೊನೆಯ ಹದಿನಾಲ್ಕು ಪುಟಗಳು

ಜ್ವರ ಬಂದಾಗ ಎಲ್ಲರಿಗೂ ಪಥ್ಯ ಬೇಕು. ನನಗೆ ಪಠ್ಯ ಬೇಕು. ಅದೂ ಎಂತಹ ಪಠ್ಯ? ಮೂವತ್ತು ವರ್ಷ ಕಾಲೇಜಿನಲ್ಲಿ ಹಳಗನ್ನಡ ಕಾವ್ಯಗಳನ್ನು ಅರೆದು ಕುಡಿಸಿ ನಿವೃತ್ತಳಾದ ನಾನು, ಮೈ ಕೊಂಚ ಬಿಸಿಯಾದರೆ ಸಾಕು, ಬೀರುವಿನಲ್ಲಿ ಸೀರೆಗಳ ಅಡಿ ಬಚ್ಚಿಟ್ಟಿರುವ ಒಂದು ಮಕ್ಕಳ ಪತ್ತೇದಾರಿ ಕಥೆಗೆ ಕೈಹಾಕುತ್ತೇನೆ. ನಡುಮನೆಯ ಗಾಜಿನ ಕಪಾಟಿನಲ್ಲಿರುವ ಮಹಾಕಾವ್ಯಗಳು ನೆಂಟರು ನೋಡಲಿಕ್ಕೆ. ಇದು ನಾನು ಬದುಕಲಿಕ್ಕೆ. ಹಲ್ಲು ಕೀಳಿಸಿಕೊಂಡ ದಿನ ಅದನ್ನು ಓದಿದ್ದೇನೆ, ಮಗಳ ಹೆರಿಗೆಗೆ ಕಾಯುತ್ತ ಓದಿದ್ದೇನೆ. ಬೀಳ್ಕೊಡುಗೆಯ ದಿನ ಹಾರ ಹಾಕಿಸಿಕೊಂಡು ಗಂಭೀರವಾಗಿ ಮನೆಗೆ ಬಂದು, ಕೋಣೆಯ ಬಾಗಿಲು ಹಾಕಿಕೊಂಡು ಓದಿದ್ದೇನೆ.

ಅದರ ಹೆಸರು ಕೇಳಬೇಡಿ, ನನಗೂ ಗೊತ್ತಿರಲಿಲ್ಲ. ನನ್ನ ಕೈಗೆ ಬರುವ ಮೊದಲೇ ರಟ್ಟು ಹೋಗಿತ್ತು. ಕೊನೆಯ ಹದಿನಾಲ್ಕು ಪುಟಗಳೂ ಇರಲಿಲ್ಲ. ಆದಿಯೂ ಅಂತ್ಯವೂ ಇಲ್ಲದ್ದನ್ನು ವೇದಾಂತಿಗಳು ಪರಬ್ರಹ್ಮವೆನ್ನುತ್ತಾರೆ. ತಿಲಕ್ ನಗರದ ನಮ್ಮ ಮನೆಯಲ್ಲಿ ಅದನ್ನು ‘ಮೇಕೆ ಪುಸ್ತಕ’ ಎನ್ನುತ್ತಿದ್ದೆವು. ಒಬ್ಬ ಬಡ ಹುಡುಗ, ಕೊರಳಿಗೆ ಲಾಟೀನು ಕಟ್ಟಿಸಿಕೊಂಡ ಅವನ ಮೇಕೆ, ಪಾಳುಕೋಟೆಯ ಸುರಂಗದಲ್ಲೊಂದು ನಿಧಿ. ಕಳ್ಳರು ಎದುರಾಗುತ್ತಾರೆ, ಮೇಕೆ ಕೊಂಬು ತಗ್ಗಿಸುತ್ತದೆ, ಅಲ್ಲಿಗೆ ಕಾಗದ ಮುಗಿಯುತ್ತದೆ.

ಮುಂದಿನದನ್ನು ಹೇಳಿದವಳು ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಅಕ್ಕ. ಪುಟಗಳು ಹೋಗುವ ಮೊದಲೇ ಅವಳು ಓದಿದ್ದಳಂತೆ. ಅವಳ ಪ್ರಕಾರ ಮೇಕೆ ಕಳ್ಳರನ್ನೆಲ್ಲ ಗುಮ್ಮಿ ಕೆರೆಗೆ ಕೆಡವಿತು. ಹುಡುಗ ನಿಧಿ ಹೊತ್ತು ಮನೆಗೆ ಬಂದು, ಅದರಲ್ಲಿ ಸರಿಯಾಗಿ ಅರ್ಧವನ್ನು ತನ್ನ ಅಕ್ಕನಿಗೆ ಕೊಟ್ಟ.

“ಅವನಿಗೆ ಅಕ್ಕ ಎಲ್ಲಿದ್ಲು? ಇಷ್ಟು ಹೊತ್ತು ಬರ್ಲೇ ಇಲ್ವಲ್ಲ?” ಎಂದು ಮೂರನೇ ಕ್ಲಾಸಿನ ನಾನು ಕೇಳಿದ್ದೆ.

“ದೊಡ್ಡೋರು ಕೊನೆಗೇ ಕಣೇ ಬರೋದು,” ಎಂದಿದ್ದಳು ಅಕ್ಕ.

ಶಾಸ್ತ್ರವನ್ನು ಒಪ್ಪಿದ ಮೇಲೆ ಆಚರಣೆ ತಪ್ಪೀತೆ? ಸೀಬೆಹಣ್ಣು ಸಿಕ್ಕರೆ ಅರ್ಧ ಅಕ್ಕನಿಗೆ. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗ ಅರ್ಧ ದಾರಿ ಅಕ್ಕನಿಗೆ. ದೊಡ್ಡವಳಾದ ಮೇಲೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಎರಡು ಸೀರೆ ಕೊಂಡರೆ ಒಂದು ತಾನಾಗಿಯೇ ಬನಶಂಕರಿಯ ಅವಳ ಮನೆಗೆ ನಡೆದುಹೋಗುತ್ತಿತ್ತು. ಮದುವೆಯಾದ ಹೊಸತರಲ್ಲಿ ನನ್ನವರು ತಂದ ಮೈಸೂರುಪಾಕನ್ನು ನಾನು ನಟ್ಟನಡುವೆ ಕೊಯ್ದು ಅರ್ಧ ಕಟ್ಟಿಡುವುದನ್ನು ಕಂಡು, ಪಾಪ, ಅವರು ಯಾವುದೋ ವ್ರತವಿರಬೇಕೆಂದು ಸುಮ್ಮನಾಗಿದ್ದರು.

ಕಳೆದ ತಿಂಗಳು ಅಕ್ಕನಿಗೆ ಮಂಡಿ ಬದಲಿಸುವ ಆಪರೇಷನ್ ಎಂದು ಗೊತ್ತಾಯಿತು. ಆಪರೇಷನ್ ಅವಳಿಗೆ, ನಡುಕ ನನಗೆ. ಸುದ್ದಗುಂಟೆಪಾಳ್ಯದ ನಮ್ಮ ಮನೆಯ ವರಾಂಡದಲ್ಲಿ ಮೇಕೆ ಪುಸ್ತಕ ಹಿಡಿದು ಕೂತಿದ್ದೆ. ಮಹಡಿಯ ಮೇಲೆ ಬಾಡಿಗೆಗಿರುವ ಗದಗಿನ ಹುಡುಗಿ ಶೈಲಾ, ಆಫೀಸಿಗೆ ಹೊರಟವಳು, ನನ್ನ ಡಬ್ಬಿ ವಾಪಸು ಕೊಡಲು ನಿಂತಳು. ನಾನು ಪುಸ್ತಕವನ್ನು ಸೆರಗಿನಲ್ಲಿ ಮುಚ್ಚುವಷ್ಟರಲ್ಲಿ ತೆರೆದ ಪುಟದಲ್ಲಿದ್ದ ಮೇಕೆಯ ಚಿತ್ರ ಅವಳ ಕಣ್ಣಿಗೆ ಬಿದ್ದಿತ್ತು.

“ಆಂಟಿ, ಈ ಆಡು ನಂಗ ಗೊತ್ತೈತ್ರಿ! ನಮ್ಮ ಅಜ್ಜಾರ ಟ್ರಂಕಿನ್ಯಾಗ ಇದ ಪುಸ್ತಕ ಐತಿ. ಊರಿಗೆ ಹೋದಾಗ ತರ್ತೀನ್ರಿ.”

“ಪೂರ್ತಿ ಇದ್ಯಾ?” ಎಂದೆ, ಸೆರಗು ಸರಿಸಿ ಪುಸ್ತಕವನ್ನು ಹೊರತೆಗೆಯುತ್ತ.

“ರಟ್ಟು ಸುದ್ದಾ ಐತ್ರಿ.”

ಅವಳು ಊರಿಗೆ ಹೋಗಿ ಪುಸ್ತಕ ತಂದುಕೊಟ್ಟದ್ದು ಅಕ್ಕನ ಆಪರೇಷನ್ನಿನ ಮರುದಿನ ಬೆಳಿಗ್ಗೆ, ನಾನು ಜಯನಗರದ ಆಸ್ಪತ್ರೆಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ. ಒಂದು ಕಾಲಿಗೆ ಚಪ್ಪಲಿ, ಒಂದು ಕಾಲು ಬರಿದು. ಹಾಗೇ ನಿಂತು ನೇರವಾಗಿ ಕೊನೆಯ ಪುಟ ತೆರೆದೆ. ಹುಡುಗ ನಿಧಿಯನ್ನೆಲ್ಲ ಊರಿನ ಶಾಲೆಗೆ ಕೊಟ್ಟುಬಿಟ್ಟಿದ್ದ. ‘ಅಕ್ಕ’ ಎಂಬ ಎರಡಕ್ಷರ ಆ ಪುಟದಲ್ಲೆಲ್ಲೂ ಇರಲಿಲ್ಲ. ಅಷ್ಟೇ ಅಲ್ಲ, ಅವನು ತಾಯಿಗೆ ಒಬ್ಬನೇ ಮಗ ಎಂದು ಲೇಖಕರು ಸ್ಪಷ್ಟವಾಗಿ ಬರೆದಿದ್ದರು.

ಆಟೋದಲ್ಲಿ ದಾರಿಯುದ್ದಕ್ಕೂ ವಾದವನ್ನು ಮಸೆದುಕೊಂಡೆ. ತಿಲಕ್ ನಗರ ದಾಟುವ ಹೊತ್ತಿಗೆ ನಾನು ಐದು ದಶಕಗಳ ಸೀಬೆಹಣ್ಣಿನ ಪರವಾಗಿ ನಿಂತ ನ್ಯಾಯವಾದಿಯಾಗಿದ್ದೆ.

“ಅವನಿಗೆ ಅಕ್ಕನೇ ಇಲ್ಲ!” ಎಂದೆ ವಾರ್ಡಿಗೆ ಕಾಲಿಟ್ಟವಳೇ, ಕಾಲು ಹೇಗಿದೆ ಎಂದು ಕೇಳುವುದನ್ನೂ ಮರೆತು.

ಮಂಡಿಗೆ ಕಟ್ಟು ಕಟ್ಟಿಸಿಕೊಂಡು ಮಲಗಿದ್ದ ಅಕ್ಕ ನನ್ನ ಕೈಯಲ್ಲಿದ್ದ ರಟ್ಟನ್ನು ನೋಡಿದಳು. ಗಾಬರಿಯಾಗಲಿಲ್ಲ. “ಸಿಕ್ತಾ ಕೊನೆಗೂ? ಪೂರ್ತಿ ಓದಿದ್ಯಾ?”

“ಕೊನೇ ಪುಟ ಓದಿದೆ. ಸಾಕಲ್ಲ!”

“ಅದ್ರ ಹಿಂದಿನದನ್ನೂ ಓದು. ಜೋರಾಗಿ ಓದು, ನನ್ನ ಕನ್ನಡಕ ಎಲ್ಲಿಟ್ಟಿದಾರೋ.”

ಪ್ರತಿವಾದಿಯೇ ಸಾಕ್ಷಿ ಕೇಳಿದರೆ ನಮ್ಮದೇನು ಹೋಗುತ್ತದೆ? ನನ್ನ ಹರಿದ ಪ್ರತಿ ನಿಲ್ಲುವ ಜಾಗದಿಂದ, ತರಗತಿಯ ಗತ್ತಿನಲ್ಲಿ ಶುರುಮಾಡಿದೆ. ಮೂರನೆಯ ಪುಟದಲ್ಲಿ ಕಳ್ಳರು ಸುರಂಗದ ಕಂಬ ಉರುಳಿಸಿದರು. ಮೇಕೆ ಹುಡುಗನನ್ನು ತಲೆಯಿಂದ ಗುದ್ದಿ ಹೊರಕ್ಕೆ ತಳ್ಳಿತು, ತಾನು ಒಳಗುಳಿಯಿತು. ಆರನೆಯ ಪುಟದಲ್ಲಿ ಹುಡುಗ ಕಲ್ಲುಗಳ ಸಂದಿಯಿಂದ ಲಾಟೀನನ್ನು ಎಳೆದು ತೆಗೆದ. ಅದು ಇನ್ನೂ ಉರಿಯುತ್ತಿತ್ತು. ಅಲ್ಲಿಂದ ಮುಂದೆ ನನಗೆ ಅಕ್ಷರ ಕಾಣಲಿಲ್ಲ.

“ನಿಂಗಾಗ ದಡಾರ,” ಎಂದಳು ಅಕ್ಕ. “ಮೈಯೆಲ್ಲಾ ಕೆಂಪು, ಪುಸ್ತಕ ಅರ್ಧಕ್ಕೇ ನಿಂತಿತ್ತು. ಮೇಕೆ ಏನಾಯ್ತು, ಮೇಕೆ ಏನಾಯ್ತು ಅಂತ ಒಂದೇ ಕನವರಿಕೆ. ಓದಿ ಹೇಳೋಣ ಅಂತ ಮೊದ್ಲು ನಾನು ಓದ್ಕೊಂಡೆ. ಇದನ್ನ ಹೇಗೇ ನಿಂಗೆ ಹೇಳೋದು? ಹರಿದು ಬಚ್ಚಲೊಲೆಗೆ ಹಾಕಿ, ಅಲ್ಲೇ ಕೂತು ಅತ್ತೆ. ಅಮ್ಮ ಹೊಗೆ ಅಂದ್ಕೊಂಡ್ರು.”

“ಮತ್ತೆ ಅಕ್ಕನಿಗೆ ಅರ್ಧ?”

ಅಕ್ಕ ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. “ಹೇಗಿದ್ರೂ ಕಥೆ ಹೊಸದಾಗಿ ಕಟ್ತಾ ಇದ್ದೆನಲ್ಲ… ಅದೊಂದು ಸೇರಿಸ್ಕೊಂಡೆ.”

ನೋಡಿ, ಇಷ್ಟು ವರ್ಷ ನಾನು ಜ್ವರಕ್ಕೂ ಭಯಕ್ಕೂ ಅಚ್ಚಾದ ಪುಸ್ತಕವೊಂದನ್ನು ಮದ್ದಾಗಿ ಕುಡಿಯುತ್ತಿದ್ದೇನೆಂದು ತಿಳಿದಿದ್ದೆ. ಆದರೆ ಪ್ರತಿ ಸಲವೂ ಹರಿದ ಅಂಚಿಗೆ ಬಂದು, ಕಣ್ಣು ಮುಚ್ಚಿ, ಮೇಕೆ ಕಳ್ಳರನ್ನು ಕೆರೆಗೆ ಕೆಡವುವುದನ್ನು ನೆನೆದ ಮೇಲೆಯೇ ನನಗೆ ಬೆವರು ಬಿಟ್ಟು ಜ್ವರ ಇಳಿಯುತ್ತಿದ್ದುದು. ನನ್ನ ನೆಚ್ಚಿನ ಲೇಖಕಿ ಏಳನೇ ಕ್ಲಾಸಿನಲ್ಲಿದ್ದವಳು, ಒಂದೇ ಪುಟ ಬರೆದವಳು, ಅದನ್ನೂ ಬಾಯಲ್ಲಿ. ನನ್ನ ಪಾಲಿನ ಎಲ್ಲದರಲ್ಲೂ ಅರ್ಧ ಪಡೆದ ಈಕೆ ತನ್ನ ಪಾಲಿನ ಆ ಒಂದು ಅಳುವಿನಲ್ಲಿ ಮಾತ್ರ ನನಗೆ ಚೂರೂ ಕೊಟ್ಟಿರಲಿಲ್ಲ.

ಈಗ ಇಬ್ಬರೂ ಸೇರಿ ಅತ್ತೆವು. ಸದ್ದು ತುಸು ಹೆಚ್ಚೇ ಆಯಿತೆಂದು ಕಾಣುತ್ತದೆ, ನರ್ಸ್ ಓಡಿಬಂದಳು.

“ಆಂಟಿ, ಪೇನ್ ಜಾಸ್ತಿ ಆಯ್ತಾ? ಡಾಕ್ಟರ್‌ನ ಕರೀಲಾ?”

“ಬೇಡಮ್ಮ,” ಎಂದಳು ಅಕ್ಕ ಮೂಗೊರೆಸಿಕೊಳ್ಳುತ್ತ. “ಮೇಕೆ ಸತ್ತೋಯ್ತು.”

“ಅಯ್ಯೋ ಪಾಪ! ಯಾವಾಗ?”

“ನಾನು ಏಳನೇ ಕ್ಲಾಸಲ್ಲಿದ್ದಾಗ.”

ನರ್ಸ್ ಅಕ್ಕನ ಮುಖ ನೋಡಿದಳು. ಮಂಚದ ತುದಿಯಲ್ಲಿ ತೂಗುಹಾಕಿದ್ದ ಚಾರ್ಟಿನಲ್ಲಿ ಆ ಬೆಳಿಗ್ಗೆ ಕೊಟ್ಟ ಔಷಧ ಯಾವುದೆಂದು ನೋಡಿದಳು. ಆಮೇಲೆ, ಇನ್ನೂ ಬಿಕ್ಕುತ್ತಿದ್ದ ನನ್ನ ಕಡೆಗೆ ಬಗ್ಗಿ ಮೆಲ್ಲಗೆ ಕೇಳಿದಳು:

“ಅವ್ರಿಗೇನೋ ನಾವು ಇಂಜೆಕ್ಷನ್ ಕೊಟ್ಟಿದೀವಿ ಮೇಡಂ. ನಿಮಗೇನಾಯ್ತು?”

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ನನ್ನ ಹಣೆ ಮುಟ್ಟಿ ನೋಡಿ, ಅವಳಿಗೆ ಹೇಳಿದಳು: “ದಡಾರ ಕಣಮ್ಮ. ಇನ್ನೇನು, ಇಳೀತಾ ಬಂತು.”