ಕಾಫಿಯ ಹೊಟ್ಟು

ವಾಡಿಯಿಂದ ಶಹಾಬಾದಿಗೆ ಹೋಗುವ ದಾರಿಯಲ್ಲಿ, ಸಿಮೆಂಟಿನ ಧೂಳು ಕೂತು ಎಲೆಯೆಲ್ಲ ಬೂದಿಬಣ್ಣಕ್ಕೆ ತಿರುಗಿದ ಬೇವಿನ ಮರಗಳ ಹಿಂದೆ, ಒಂದು ಕಾಫಿ ಕಾರ್ಖಾನೆ ಇದೆ ಎಂದರೆ ಯಾರೂ ನಂಬುವುದಿಲ್ಲ. ಅಲ್ಲಿ ನಾಲ್ಕು ವರ್ಷ ಕೆಮಿಸ್ಟ್ ಆಗಿ ದುಡಿದ ನನಗೇ ಪೂರ್ತಿ ನಂಬಿಕೆ ಬಂದಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಕಾಫಿ ಕುಡಿಯುವವರನ್ನು ದೀಪ ಹಿಡಿದು ಹುಡುಕಬೇಕು. ಎದ್ದ ಕೂಡಲೇ ಚಹಾ, ಬೀಗರು ಬಂದರೆ ಚಹಾ, ಜಗಳ ಮುಗಿದ ಮೇಲೆ ರಾಜಿಗೂ ಚಹಾ. ಕಾರ್ಖಾನೆಯೊಳಗೂ ಅಷ್ಟೇ. ಲಾರಿಗಟ್ಟಲೆ ಕಾಫಿ ಹುರಿಯುವ ನಾವು ಹೊತ್ತು ಹೊತ್ತಿಗೆ ಚಹಾದ ಕಿಟ್ಲಿಯ ದಾರಿ ಕಾಯುತ್ತಿದ್ದೆವು.

ನಮ್ಮ ಸಾಹುಕಾರರು ಮೊದಲು ಚಿತ್ತಾಪುರದಲ್ಲಿ ತೊಗರಿಬೇಳೆ ಮಿಲ್ಲು ನಡೆಸುತ್ತಿದ್ದವರು. ಯಾವುದೋ ಮದುವೆಯಲ್ಲಿ ಪಕ್ಕದ ಎಲೆಗೆ ಕೂತವರು, ಮುಂದಿನ ಕಾಲವೆಲ್ಲ ಕಾಫಿಯದೇ ಎಂದು ಹೇಳಿದರಂತೆ. ಹೋಳಿಗೆ ಅರಗುವ ಮೊದಲೇ ಇವರು ನಿರ್ಧಾರ ಮಾಡಿ ಆಗಿತ್ತು. ನಾಲ್ಕೂ ದಿಕ್ಕಿಗೆ ರೈಲು ಹೋಗುವ ಊರು ವಾಡಿ, ಖಾಲಿ ಬಿದ್ದ ಒಂದು ಕಲ್ಲಿನ ಗೋದಾಮು, ಬೇಳೆ ಮಿಲ್ಲಿನಿಂದಲೇ ಕರೆತಂದ ಕೆಲಸದವರು. ಇನ್ನೇನು ಬೇಕು?

"ತೊಗರಿ ಆದ್ರೇನು, ಕಾಫಿ ಆದ್ರೇನು? ಕಾಳು ಕಾಳೇ ಅದ. ಬೆಂಕಿ ತೋರ್ಸು, ಸಿಪ್ಪಿ ತೆಗಿ, ಚೀಲ ಹೊಲಿ. ಮುಗೀತು" ಎಂದು ಅವರು ಮೊದಲ ದಿನವೇ ನನಗೆ ಪಾಠ ಹೇಳಿದರು. ನಾನು ಅದಕ್ಕೆ ಮುಂಚೆ ಸೇಡಂ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯ ಪ್ರಯೋಗಾಲಯದಲ್ಲಿದ್ದೆ. ಸುಣ್ಣದ ಕಲ್ಲು ಸುಡುವುದನ್ನು ಕಂಡವನಿಗೆ ಬೀಜ ಹುರಿಯುವುದು ಯಾವ ಲೆಕ್ಕ ಎಂಬುದು ಅವರ ವಾದ. ಹಣೆಯ ಮೇಲೆ ಅಷ್ಟುದ್ದ ವಿಭೂತಿ, ಬಾಯಲ್ಲಿ ಸದಾ ಕಾಯಕದ ಮಾತು, ತಲೆಯಲ್ಲಿ ತೊಗರಿ. ನಾನು ಮನಸ್ಸಿನಲ್ಲೇ ಕೈ ಮುಗಿದು ಕೆಲಸಕ್ಕೆ ಸೇರಿದೆ.

ಇನ್ನು ನಮ್ಮ ಕಾಫಿಯ ಕಥೆ ಕೇಳಿ. ಬೆಟ್ಟದ ಸೀಮೆಯವರು ಒಳ್ಳೆಯ ಬೀಜವನ್ನೆಲ್ಲ ಆರಿಸಿ ಹಡಗಿಗೆ ಹಾಕುತ್ತಾರೆ. ಉಳಿದ ಕಪ್ಪು, ಒಡಕು, ಹುಳ ಕೊರೆದದ್ದು ಲಾರಿ ಹತ್ತಿ ನಮ್ಮ ಕಡೆ ಬರುತ್ತದೆ. ಅದನ್ನು ಕಲ್ಲು ಬೇರ್ಪಡಿಸುವ ಜರಡಿಗೆ ಸುರಿದರೆ ಮೊಳೆ ಬರುತ್ತಿತ್ತು, ಅಂಗಿಯ ಗುಂಡಿ ಬರುತ್ತಿತ್ತು, ಒಮ್ಮೆ ಯಾರದೋ ಕಾಲುಂಗುರವೇ ಬಂದಿತ್ತು. ಆಮೇಲೆ ಗ್ಯಾಸಿನ ಉರಿಯ ಮೇಲೆ ತಿರುಗುವ ಉಕ್ಕಿನ ಡ್ರಮ್ಮು. ಹಸಿರು ಬೀಜ ಹಳದಿಯಾಗಿ, ಕಂದು ಬಣ್ಣಕ್ಕೆ ತಿರುಗಿ, ಒಂದು ಹದಕ್ಕೆ ಜೋಳದ ಅರಳಿನ ಹಾಗೆ ಪಟಪಟ ಸಿಡಿಯುತ್ತದೆ. ತಿಳಿದವರು ಅದಾದ ಸ್ವಲ್ಪ ಹೊತ್ತಿಗೆ ಇಳಿಸಿಬಿಡುತ್ತಾರೆ. ನಾವು ಎರಡನೇ ಸಲ ಸಿಡಿದು, ಹೊಗೆಗೆ ಕಣ್ಣು ಉರಿಯುವ ತನಕ ಬಿಡುತ್ತಿದ್ದೆವು. ಕರ್ರಗೆ ಮಾಡಿಬಿಟ್ಟರೆ ಹುಳ ತಿಂದ ಬೀಜ ಯಾವುದು, ಗಟ್ಟಿ ಬೀಜ ಯಾವುದು ಎಂದು ಹುಟ್ಟಿಸಿದ ಗಿಡಕ್ಕೂ ಗೊತ್ತಾಗುವುದಿಲ್ಲ. ಇಳಿಸಿದ ಕೂಡಲೇ ಕಾವು ಆರಲೆಂದು ನೀರು ಚಿಮುಕಿಸಬೇಕು. ನೀರಿಗೂ ತೂಕವಿದೆ ಎಂಬುದು ಸಾಹುಕಾರರಿಗೆ ಗೊತ್ತಿದ್ದ ಒಂದೇ ರಸಾಯನಶಾಸ್ತ್ರ. ಅದಕ್ಕೇ ಅವರ ಕೈ ಅಲ್ಲಿ ಧಾರಾಳ. ಪುಡಿ ಮಾಡಿದ ಮೇಲೆ ಚಿಕೋರಿ ಬೆರೆಸಿ, ಮಂಜು ಮುಸುಕಿದ ಗುಡ್ಡದ ಚಿತ್ರವಿರುವ ಪೊಟ್ಟಣಕ್ಕೆ ತುಂಬಿ, ಬೆರೆಸಿದ ವಿಷಯವನ್ನು ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಹಿಂದೆ ಮುದ್ರಿಸಿದರೆ ಕಾಫಿ ತಯಾರು. ನಾನು ಪ್ರತಿ ರಾಶಿಗೂ 'ಉತ್ತಮ' ಎಂದು ಬರೆದು ಸಹಿ ಹಾಕುತ್ತಿದ್ದೆ. ಸಂಜೆ ರೈಲು ಹತ್ತಿ ಸೇಡಂಗೆ ಮರಳುವಾಗ, ಇವರೆಲ್ಲರಿಗಿಂತ ತಿಳಿದವನು ನಾನು ಎಂಬ ಸುಖವೊಂದು ನನ್ನ ಜೊತೆ ಕೂತಿರುತ್ತಿತ್ತು.

ಬೀಜ ಹುರಿಯುವಾಗ ಅದರ ಮೈಮೇಲಿನ ತೆಳ್ಳನೆಯ ಪೊರೆ ಕಳಚಿ ಹಾರುತ್ತದೆ. ಗಾಳಿಯಂತ್ರ ಅದನ್ನು ಎಳೆದು ಒಂದು ದೊಡ್ಡ ಕೊಳವೆಯ ಕೆಳಗೆ ಬೀಳಿಸುತ್ತದೆ. ಹಗುರ, ಹೊಂಬಣ್ಣ, ನೋಡಲು ಥೇಟ್ ಹೊಟ್ಟು. ಬೇಳೆ ಮಿಲ್ಲಿನಲ್ಲಿ ಹಿಂದಿನಿಂದ ಬಂದ ಒಂದು ರಿವಾಜಿತ್ತು. ವಾರವೆಲ್ಲ ಗುಡಿಸಿ ಹಸನು ಮಾಡುವ ಹೆಣ್ಣುಮಕ್ಕಳಿಗೆ ಶನಿವಾರ ತೊಗರಿಯ ಹೊಟ್ಟು, ನುಚ್ಚು ಹಂಚುವುದು. ದನಕ್ಕೆ ಅದು ಒಳ್ಳೆಯ ಮೇವು. ಇಲ್ಲಿಯೂ ಶನಿವಾರ ಬಂತು, ಇಲ್ಲಿಯೂ ಹೊಟ್ಟು ಬಿದ್ದಿತ್ತು. ಸಾಹುಕಾರರು ಅದನ್ನೂ ಹಂಚಿದರು. ಹೆಣ್ಣುಮಕ್ಕಳು ಹಳೆಯ ಸೀರೆಯಲ್ಲಿ ಗಂಟು ಕಟ್ಟಿ ತಲೆಯ ಮೇಲಿಟ್ಟುಕೊಂಡು ಹೋದರು. ವಾಸನೆಗೆ ಬೇಸರಪಟ್ಟು ಮುಖ ತಿರುಗಿಸಿದ ದನಕ್ಕೆ ಬೆಲ್ಲದ ನೀರು ಬೆರೆಸಿ ರೂಢಿ ಮಾಡಿಸಿದರು.

ನನಗೆ ಗೊತ್ತಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹದಿನೈದು ದಿನ ಚಿಕ್ಕಮಗಳೂರಿನ ಕಡೆ ತರಬೇತಿಗೆ ಹೋಗಿದ್ದಾಗ ಅಲ್ಲಿಯ ಹುರಿಯುವ ಮೇಸ್ತ್ರಿ ಹೇಳಿದ್ದ: ಬೀಜದಲ್ಲಿ ನಿದ್ದೆಗೆಡಿಸುವ ಅಂಶ ಏನಿದೆಯೋ ಅದು ಪೊರೆಯಲ್ಲೂ ಇದೆ, ಇದು ಗೊಬ್ಬರದ ಗುಂಡಿಗೇ ಹೊರತು ಕೊಟ್ಟಿಗೆಗಲ್ಲ. ಅದನ್ನು ನಾನು ಬರೆದುಕೊಂಡೂ ಬಂದಿದ್ದೆ. ಹೇಳಲು ಒಂದು ನಿಮಿಷ ಸಾಕಿತ್ತು. ಆದರೆ ಯಾರಿಗೆ ಹೇಳುವುದು? ಕಾಳೆಲ್ಲ ಒಂದೇ ಎನ್ನುವ ಸಾಹುಕಾರರಿಗೋ? ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದುಕೊಂಡು ಸುಮ್ಮನಾದೆ. ಸುಮ್ಮನಾಗಿದ್ದರೂ ಒಂದು ಪಾಡು, ತಮಾಷೆ ಮಾಡಿದೆ. ಚಹಾದ ಹೊತ್ತಿನಲ್ಲಿ ಎಲ್ಲರ ನಡುವೆ, "ಇನ್ ಮ್ಯಾಲ ನಮ್ಮ ಎಮ್ಮಿಗೋಳು ರಾತ್ರಿ ಮಲಗಂಗಿಲ್ಲ ನೋಡ್ರಿ. ಪರೀಕ್ಷಾಕ್ಕ ಓದ್ಲಿಕ್ಕೆ ಕೂಡ್ತಾವ" ಅಂದೆ. ಎಲ್ಲರೂ ನಕ್ಕರು. ಚಹಾ ಸುರಿಯುತ್ತಿದ್ದ ಹೆಣ್ಣುಮಗಳೂ ನಕ್ಕಳು.

ಆಕೆ ಗೋದಾಮು ಗುಡಿಸುತ್ತಿದ್ದಳು. ಜೊತೆಗೆ ನಮ್ಮ ಚಹಾಕ್ಕೆ ತನ್ನ ಎಮ್ಮೆಯ ಹಾಲನ್ನೇ ತರುತ್ತಿದ್ದಳು. ಗಂಡ ಕಲ್ಲಿನ ಗಣಿಯಲ್ಲಿ ಬೆನ್ನು ಮುರಿದುಕೊಂಡು ಮನೆ ಹಿಡಿದಿದ್ದ. ಕಾಳಗಿ ಸಂತೆಯಲ್ಲಿ ಆಕೆ ತಾನೇ ಹಲ್ಲು ನೋಡಿ, ಕೆಚ್ಚಲು ಮುಟ್ಟಿ ತಂದ ಎಮ್ಮೆ ಅದು. ಮನೆ ನಡೆಯುತ್ತಿದ್ದುದು ಆ ಹಾಲಿನ ಮೇಲೆ.

ಒಂದು ತಿಂಗಳು ಕಳೆದಿರಬೇಕು. ಚಹಾ ತೆಳ್ಳಗಾಗತೊಡಗಿತು. ನನ್ನ ಬುದ್ಧಿ ಎಷ್ಟು ಚುರುಕು ನೋಡಿ: ಹಾಲಿಗೆ ನೀರು ಬೆರೆಸುತ್ತಿದ್ದಾಳೆ ಎಂದು ಕ್ಷಣದಲ್ಲಿ ಕಂಡುಹಿಡಿದೆ. "ಅಕ್ಕಾ, ಭೀಮಾ ಹೊಳಿ ನಿಮ್ಮ ಚರಿಗ್ಯಾಗೇ ಹರೀಲಿಕತ್ತದಲ್ಲ!" ಎಂದು ಎಲ್ಲರೆದುರೇ ಅಂದೆ. ಬೆಳಗಿನಿಂದ ಸಂಜೆಯ ತನಕ ಬೀಜಕ್ಕೆ ನೀರು ಕುಡಿಸುವುದನ್ನು ನೋಡಿಕೊಂಡು 'ಉತ್ತಮ' ಎಂದು ಬರೆಯುವ ನಾನು! ಆಕೆ ಲೋಟಗಳನ್ನು ಬಳಿದುಕೊಂಡು ಹೋದಳು.

ಮರುದಿನ ಮಧ್ಯಾಹ್ನ ಆಕೆ ನನ್ನ ಪ್ರಯೋಗಾಲಯದ ಬಾಗಿಲಿಗೆ ಬಂದಳು. ಅದಕ್ಕೆ ಮುಂಚೆ ಎಂದೂ ಬಂದವಳಲ್ಲ. ಚಪ್ಪಲಿ ಹೊರಗೆ ಬಿಟ್ಟು, ಸೆರಗು ಹೊದ್ದುಕೊಂಡು ನಿಂತಳು. ಕುಂದ್ರಿ ಅಂದರೂ ಕೂರಲಿಲ್ಲ.

"ಸರ, ನಾ ನೀರು ಹಾಕಿಲ್ರಿ. ನನ್ನ ಮಕ್ಕಳಾಣಿ ಅದ. ಎಮ್ಮಿನೇ ಹಾಲು ಬಿಡವಲ್ದು. ಹಿಂಡಾಕ ಹೋದ್ರ ನಿಂದ್ರವಲ್ದು, ಒದೀತದ. ರಾತ್ರಿ ಎಲ್ಲಾ ಗೂಟ ಸುತ್ತು ಹಾಕ್ತದ, ಹತ್ತ್ ಹತ್ತ್ ಸಲ ಉಚ್ಚಿ ಹೊಯ್ತದ. ದನದ ಡಾಕ್ಟ್ರು ಸೂಜಿ ಮಾಡಿ ಹೋದ್ರು. ದೃಷ್ಟಿ ತೆಗ್ಸಿದೆ. ಏನೂ ಗುಣ ಇಲ್ರಿ."

"ಏನ್ ಹಾಕ್ತೀರಿ ಅದಕ್ಕ?" ಎಂದು ಕೇಳಿದೆ. ಉತ್ತರ ಗೊತ್ತಿದ್ದೇ ಕೇಳಿದ್ದೆ.

"ಜೋಳದ ಕಣಕಿ ಹಾಕ್ತೀನ್ರಿ. ಮತ್ತ ಇಲ್ಲಿದೇ ಹೊಟ್ಟು. ಹಾಲು ಕಡಿಮಿ ಆತಲ್ಲರಿ, ಮೈಯಾಗ ಕಸುವಿಲ್ಲೇನೋ ಅಂತ ಈಗ ಎರಡರಷ್ಟು ಹಾಕ್ಲಿಕತ್ತೀನಿ. ಬಾಜೂಕಿನ ಮನ್ಯಾಕಿಗಿ ಎಮ್ಮಿ ಇಲ್ಲ, ಆಕಿ ಪಾಲಿಂದೂ ನಾನೇ ಒಯ್ತೀನ್ರಿ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಮಾತನ್ನು ಶಾಲೆಯಲ್ಲಿ ನೂರು ಸಲ ಬರೆದಿದ್ದೇನೆ. ಬೆಕ್ಕಾಗಿ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಹೊಟ್ಟು ನಿಲ್ಲಿಸಿ ಎಂದೆ. ಯಾಕೆ ಎಂದು ವಿವರಿಸಿದೆ. ನಾಚಿಕೆ ಎಂದರೆ, ಎಷ್ಟು ಸರಳವಾಗಿ, ಎಷ್ಟು ಬೇಗ ವಿವರಿಸಲು ಬಂತು ಎಂಬುದೇ. ಆಕೆಗೆ ಒಂದೇ ಸಲಕ್ಕೆ ಅರ್ಥವಾಯಿತು.

"ಇದು ನಿಮಗ ಯಾವಾಗ ಗೊತ್ತಾತ್ರಿ?" ಎಂದು ಕೇಳಿದಳು.

ಸುಳ್ಳು ಹೇಳಬಹುದಿತ್ತು. ನಿನ್ನೆ ಪುಸ್ತಕದಲ್ಲಿ ಓದಿದೆ ಎಂದರೆ ನಂಬುತ್ತಿದ್ದಳು. "ಮೊದ್ಲಿಂದ್ಲೂ ಗೊತ್ತಿತ್ತು" ಎಂದೆ.

"ಎಮ್ಮಿಗಿ ಬಾಯಿಲ್ರಿ ಸರ" ಎಂದಳು. "ನಿಮಗಿತ್ತಲ್ಲ."

ಬೈದಿದ್ದರೆ ಹಗುರಾಗುತ್ತಿತ್ತು. ಆಕೆ ಚಪ್ಪಲಿ ಮೆಟ್ಟಿಕೊಂಡು ಗೋದಾಮು ಗುಡಿಸಲು ಹೋದಳು.

ಎಮ್ಮೆ ಸಾಯಲಿಲ್ಲ. ಮೇವು ಬದಲಾದ ಮೇಲೆ ನಿಂತಲ್ಲಿ ನಿಲ್ಲತೊಡಗಿತು, ಆದರೆ ಹಾಲು ಪೂರ್ತಿ ಬತ್ತಿತು. ಇನ್ನೊಂದು ಕರು ಹಾಕುವ ತನಕ ಆ ಮನೆಗೆ ಹಾಲಿಲ್ಲ, ಹಾಲಿನ ಆಧಾರವೂ ಇಲ್ಲ. ಬೆಳಿಗ್ಗೆ ನಮ್ಮಲ್ಲಿ ಗುಡಿಸಿ, ಸಂಜೆ ಆಕೆ ಇನ್ನೆರಡು ಮನೆಯ ಮುಸುರೆಗೆ ಹೋಗತೊಡಗಿದಳು.

ಆಕೆ ನನ್ನ ಬಾಗಿಲಿಗೆ ಬಂದ ವಾರದ ಶನಿವಾರವೇ ಮತ್ತೆ ಹೊಟ್ಟು ಹಂಚುವ ಹೊತ್ತಾಯಿತು. ನಾನೇ ಹೋಗಿ ಹೇಳಬೇಕೆಂದು ಬೆಳಗಿನಿಂದ ಮನಸ್ಸು ಗಟ್ಟಿಮಾಡಿಕೊಂಡಿದ್ದೆ. ಸಾಹುಕಾರರು ಏನನ್ನುತ್ತಾರೆ, ಇಷ್ಟು ದಿನ ಏನು ಮಾಡುತ್ತಿದ್ದೆ ಎಂದರೆ ಏನು ಹೇಳಲಿ ಎಂದು ಲೆಕ್ಕ ಹಾಕುತ್ತ ಬಾಗಿಲಲ್ಲೇ ನಿಂತಿದ್ದೆ. ಅಷ್ಟರಲ್ಲಿ ಆಕೆಯೇ ಹೊಟ್ಟಿನ ರಾಶಿಯ ಮುಂದೆ ಹೋಗಿ ನಿಂತು, ಯಾರೂ ಒಯ್ಯಬೇಡಿ, ಇದು ದನಕ್ಕೆ ವಿಷ ಎಂದಳು. ಹೆಣ್ಣುಮಕ್ಕಳು ನಂಬಲಿಲ್ಲ. ನಿನ್ನ ಎಮ್ಮೆ ಬತ್ತಿದರೆ ನಮ್ಮದೂ ಬತ್ತುತ್ತದೇನು ಎಂದು ಒಬ್ಬಳು ಗದರಿದಳು. ಇನ್ನೊಬ್ಬಳು ಆಗಲೇ ಸೀರೆ ಹಾಸಿದ್ದಳು.

"ನಾ ಅಂತಿಲ್ಲವ್ವಾ. ಸರ್ರು ಹೇಳ್ಯಾರ" ಎಂದು ಆಕೆ ನನ್ನ ಕಡೆ ಕೈ ತೋರಿಸಿದಳು. "ಕಲ್ತವ್ರಿದ್ದಾರ, ಅವರನ್ನೇ ಕೇಳ್ರಿ."

ಎಲ್ಲರೂ ತಿರುಗಿ ನೋಡಿದರು. ನಾನು ಹೌದೆಂದು ತಲೆ ಆಡಿಸಿದೆ. ಹಾಸಿದ ಸೀರೆ ಮಡಚಿಕೊಂಡಿತು. ಹಂಚಲು ಬಂದು ನಿಂತಿದ್ದ ಸಾಹುಕಾರರು ಮೆಚ್ಚಿ ನನ್ನ ಬೆನ್ನು ತಟ್ಟಿದರು. ಒಬ್ಬ ಮುದುಕಿ ಹತ್ತಿರ ಬಂದು, "ನೀವು ಇದ್ದಿದ್ದಕ್ಕ ನಮ್ಮ ದನ ಉಳದ್ವು ನೋಡ್ರಿ ನನ್ನಪ್ಪಾ" ಎಂದು ಕೈ ಮುಗಿದಳು. ನಾನು ಕೈ ಮುಗಿಸಿಕೊಂಡು ನಿಂತೆ. ಬೇಡ ಎನ್ನಲು ಆಗಲೂ ಬಾಯಿ ಬರಲಿಲ್ಲ.